ಸಾವಿತ್ರವ್ವನ ಗುರುವಾರ

ಗುರುವಾರ ಬಂತೆಂದರೆ ಮಮದಾಪುರದ ಅಲ್ಲವ್ವನ ಹೊಟ್ಟೆಗೆ ಕಿಚ್ಚು ಬೀಳುತ್ತಿತ್ತು. ಅವತ್ತು ಸರಕಾರಿ ದವಾಖಾನೆಯ ಹುಡುಗಿ ಬಾಜೂ ಮನೆಗೆ, ಅಂದರೆ ಮೈದುನನ ಹೆಂಡತಿ, ನೆಗೆಣ್ಣಿ ಸಾವಿತ್ರವ್ವನ ಮನೆಗೆ ಬರುತ್ತಿದ್ದಳು. ಕಟ್ಟೆಯ ಮೇಲೆ ಕೂತು, ತೋಳಿಗೆ ಪಟ್ಟಿ ಸುತ್ತಿ, ಬಿ.ಪಿ. ನೋಡಿ, "ಆರಾಮ ಅದೀರೇನ್ರಿ ಯವ್ವಾ? ನಿದ್ದಿ ಬರತೈತೇನು? ಊಟ ಸೇರತೈತೇನು?" ಎಂದು ಕೇಳುತ್ತಿದ್ದಳು. ಗೋಡೆಯ ಈಚೆ ಅಲ್ಲವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಏಟುಗಳೆಲ್ಲ ಖರೆ ಅಂದರೆ ನೆಗೆಣ್ಣಿಗೆ ಸಲ್ಲಬೇಕಾದವು.

ಬಿ.ಪಿ. ಇಬ್ಬರಿಗೂ ಇತ್ತು. ದವಾಖಾನೆಯವರು ನಡೆಸುವ ಬಿ.ಪಿ. ಸಂಶೋಧನೆಗೆ ಒಪ್ಪಿ ಇಬ್ಬರೂ ಹೆಬ್ಬೆಟ್ಟು ಒತ್ತಿದ್ದರು. ಅರ್ಧ ಜನರನ್ನು ವಾರಕ್ಕೊಮ್ಮೆ ಮನೆಗೇ ಬಂದು ನೋಡುವುದು, ಉಳಿದವರು ಎಂದಿನಂತೆ ತಿಂಗಳಿಗೊಮ್ಮೆ ದವಾಖಾನೆಗೆ ಹೋಗುವುದು, ಯಾರ ಬಿ.ಪಿ. ಚೆನ್ನಾಗಿ ಇಳಿಯಿತೆಂದು ಹೋಲಿಸುವುದು. ಯಾರು ಯಾವ ಕಡೆ ಎಂಬುದನ್ನು ಕಂಪ್ಯೂಟರ್ ಆರಿಸುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅಲ್ಲವ್ವ ನಂಬಲಿಲ್ಲ. ಅವರ ಮನೆತನದಲ್ಲಿ ಕುರಿ ಹಂಚುವಾಗ ದೊಡ್ಡವರು ಪಾಲು ಮಾಡಬೇಕು, ಸಣ್ಣವರು ಮೊದಲು ಆರಿಸಬೇಕು. ಅದೇ ರೂಢಿಯ ಮೇಲೆ ಅವಳು, "ಸಣ್ಣಾಕಿ ನೀ, ಮೊದಲ ನೀ ಒತ್ತು" ಎಂದು ದೊಡ್ಡಸ್ತಿಕೆ ತೋರಿಸಿದ್ದಳು. ಮೊದಲು ಒತ್ತಿದವಳು ಒಳ್ಳೆಯ ಪಾಲು ಹೊಡಕೊಂಡಳು, ಅಷ್ಟೇ. ಅಣ್ಣತಮ್ಮಂದಿರ ಕುರಿಹಿಂಡು ಪಾಲಾದಾಗಲೂ ಹೀಗೇ ಆಗಿತ್ತು.

ಗುಳಿಗೆಯ ಆಸೆಯೇನೂ ಅವಳಿಗಿರಲಿಲ್ಲ, ಅದು ಇಬ್ಬರದೂ ಒಂದೇ. ತನ್ನನ್ನೂ ಯಾರಾದರೂ ಹಾಗೆ ಕೂತು ಕೇಳಬೇಕಿತ್ತು. ಗಂಡ ಮಾಳಪ್ಪ ಅವಳನ್ನು ಆರಾಮ ಇದ್ದೀಯಾ ಎಂದು ಕೇಳಿದ್ದು ಯಾವ ಕಾಲಕ್ಕೋ.

ಶ್ರಾವಣದ ಒಂದು ಗುರುವಾರ ಸಾವಿತ್ರವ್ವ ಗೋಕಾಕಕ್ಕೆ ಹೋಗಿದ್ದಳು. ಅವಳ ಗಂಡ ಬೀರಸಿದ್ದಪ್ಪ ಕುರಿ ಹೊಡಕೊಂಡು ದೂರ ಹೋದವನು ಇನ್ನೂ ತಿರುಗಿರಲಿಲ್ಲ. ದವಾಖಾನೆಯಿಂದ ಬಂದವಳೂ ಹೊಸಬಳು, ಕಾಜಲ್ ಅಂತ.

"ಸಾವಿತ್ರವ್ವ ಅಂದ್ರ ನೀವೇನ್ರಿ?"

ಅಲ್ಲವ್ವ ಸೀದಾ ನೆಗೆಣ್ಣಿಯ ಕಟ್ಟೆ ಹತ್ತಿ ಕೂತಳು. "ಹೌದ್ರಿ" ಎಂದು ತೋಳು ಚಾಚಿದಳು.

"ಆರಾಮ ಅದೀರೇನ್ರಿ ಯವ್ವಾ?"

ಅಲ್ಲವ್ವ ತಲೆನೋವು ಹೇಳಿದಳು, ಮೊಳಕಾಲು ಹೇಳಿದಳು, ಮಗಳು ಭಾಗ್ಯಾ ಫೋನ್ ಮಾಡದಿರುವುದನ್ನೂ ಹೇಳಿದಳು. ಕಾಜಲ್ ಎಲ್ಲ ಕೇಳಿದಳು. ಯಂತ್ರದಲ್ಲಿ ನೂರಾ ತೊಂಬತ್ತು ಕಂಡದ್ದೇ ಗಾಬರಿಯಾಗಿ ಡಾಕ್ಟರಿಗೆ ಫೋನ್ ಹಚ್ಚಿದಳು. ಅವರು ಹೇಳಿದಂತೆ ಬಿ.ಪಿ. ಇಳಿಸುವ ಇನ್ನೊಂದು ಬಗೆಯ ಗುಳಿಗೆಯ ಹಾಳೆ ಕೊಟ್ಟು, ದಿನಾ ತಪ್ಪದೆ ತಗೊಳ್ಳಿ, ಮುಂದಿನ ವಾರ ಬಂದು ಉಳಿದ ಗುಳಿಗೆ ಎಣಿಸುತ್ತೇನೆ ಅಂದಳು.

ಎಣಿಸುವಾಗ ಸಾವಿತ್ರವ್ವನ ಹತ್ತಿರ ಗುಳಿಗೆ ಇಲ್ಲದಿದ್ದರೆ ಬಣ್ಣ ಬಯಲು. ಅಲ್ಲವ್ವ ಸಂಜೆ ಆ ಹಾಳೆಯನ್ನು ಸಾವಿತ್ರವ್ವನ ಕೈಗಿಟ್ಟು, "ದವಾಖಾನ್ಯಾಗಿನಾಕಿ ಕೊಟ್ಟ ಹೋಗ್ಯಾಳ, ಇದನ್ನೂ ನುಂಗಬೇಕಂತ" ಅಂದುಬಿಟ್ಟಳು.

ನಾಲ್ಕನೆಯ ದಿನ ಸಾವಿತ್ರವ್ವ ಕಣ್ಣಿಗೆ ಕತ್ತಲೆ ಬಂದು ಅಂಗಳದಲ್ಲಿ ಬಿದ್ದಳು. ಹಣೆ ಒಡೆಯಿತು.

ದವಾಖಾನೆಯ ಮಂಚದ ಸುತ್ತ ನಾಲ್ಕು ಜನ ನಿಂತು ಹೇಗಿದ್ದೀಯೆಂದು ಸಾವಿತ್ರವ್ವನನ್ನು ಕೇಳುತ್ತಿದ್ದರು. ಆ ಹೊತ್ತಿನಲ್ಲೂ ಅಲ್ಲವ್ವನಿಗೆ ಹೊಟ್ಟೆ ಉರಿಯಿತು. ಮರುಕ್ಷಣ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ನೂರಾ ತೊಂಬತ್ತಿದ್ದದ್ದು ತೊಂಬತ್ತಕ್ಕ ಹೆಂಗ ಇಳೀತು?" ಡಾಕ್ಟರು ಕಾಗದ ತಿರುವಿ ತಿರುವಿ ನೋಡಿದರು.

"ಆ ನೂರಾ ತೊಂಬತ್ತು ನಂದ್ರಿ" ಅಂದಳು ಅಲ್ಲವ್ವ. ನಡೆದದ್ದನ್ನೆಲ್ಲ ಹೇಳಿದಳು. "ಅಕೀನ್ನ ವಾರವಾರ ಕೇಳ್ತೀರಿ. ನನ್ನ ಯಾರೂ ಕೇಳಂಗಿಲ್ರಿ."

ಸಾವಿತ್ರವ್ವ ಪಟ್ಟಿ ಕಟ್ಟಿದ ತಲೆಯನ್ನು ಇತ್ತ ಹೊರಳಿಸಿದಳು.

"ಎಂಟ ತಿಂಗಳಾತು, ನಮ್ಮ ಮನ್ಯಾಗ ಇನ್ನೊಬ್ಬರ ದನಿ ಇಲ್ಲ. ಗೋಡಿ ಆಚಿಗೆ ನೀ ಇದ್ದಿ, ನೀನೂ ಮಾತಾಡಸಲಿಲ್ಲ. ಆ ಹುಡುಗಿ ಬರೂದೊಂದ ನನ್ನ ಪಾಲಿಗಿತ್ತು. ಅದನ್ನೂ ತಗೊಂಡ್ಯಲ್ಲ ಯಕ್ಕಾ?"

ಡಾಕ್ಟರು ಅಲ್ಲವ್ವನನ್ನು ಕುರ್ಚಿಯ ಮೇಲೆ ಕೂಡಿಸಿ, ತೋಳಿಗೆ ಪಟ್ಟಿ ಸುತ್ತಿ, ತಲೆನೋವು ಎಷ್ಟು ದಿನದಿಂದ ಎಂದು ಕೇಳಿದರು. ಅವಳು ಕುರ್ಚಿಯನ್ನು ಸಾವಿತ್ರವ್ವನ ಮಂಚದ ಹತ್ತಿರಕ್ಕೆ ಜರುಗಿಸಿಕೊಂಡಳು.