ತಮ್ಮನಿಗೆ ಹಸಿರು ಪಟ್ಟಿ

ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ಕೂರುವ ಹಿರಿಯ ನರ್ಸ್‌ಗೆ ಎಲ್ಲರೂ ‘ಸಿಸ್ಟರಕ್ಕ’ ಎನ್ನುತ್ತಿದ್ದರು. ಅಳೋ ಮಗುವಿಗೇ ಹಾಲು ಎಂಬ ಕಾಲವನ್ನು ಅಲ್ಲಿ ಮುಗಿಸಿದವಳೇ ಅವಳು. ಬಂದವರ ನಾಡಿ ಹಿಡಿದು, ಉಸಿರು ಗಮನಿಸಿ, ಮಣಿಕಟ್ಟಿಗೆ ಪಟ್ಟಿ ಕಟ್ಟುವಳು: ಕೆಂಪಾದರೆ ನೇರ ಒಳಗೆ, ಹಳದಿಯಾದರೆ ಸ್ವಲ್ಪ ತಾಳಬೇಕು, ಹಸಿರಾದರೆ ಬೆಂಚು. ಕಿರುಚಾಡುವವನಿಗೆ ಉಸಿರಾದರೂ ಇದೆ, ಸುಮ್ಮನೆ ಕೂತವನನ್ನು ಮೊದಲು ನೋಡಿ ಎಂಬುದು ಅವಳ ಮಾತು. ಮುಖ ನೋಡಿ ಮಣೆ ಹಾಕುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಸ್ವಂತ ಮಾವನನ್ನು ಹಿಂಬಾಗಿಲಿಂದ ನುಗ್ಗಿಸಿದ ಡಾಕ್ಟರನ್ನೂ ಎಲ್ಲರೆದುರೇ ಝಾಡಿಸಿದ್ದಳು.

ಆ ಮಧ್ಯಾಹ್ನ ಬೆಂಚುಗಳೆಲ್ಲ ತುಂಬಿದ್ದಾಗ ಅವಳ ತಮ್ಮನೇ ಹೆಂಡತಿಯ ಭುಜ ಹಿಡಿದು ಬಂದ.

“ಏನಿಲ್ಲ ಕಣಕ್ಕಾ, ಎದೆ ಹತ್ರ ಗ್ಯಾಸು. ಇವಳು ಕೇಳ್ಬೇಕಲ್ಲ, ಎಳ್ಕೊಂಡು ಬಂದ್ಲು.”

“ಬೆವರು ನೋಡಿ ಅತ್ತಿಗೆ,” ಎಂದಳು ಅವನ ಹೆಂಡತಿ.

ಸಿಸ್ಟರಕ್ಕ ನೋಡಿದಳು. ಅಂಗಿ ಬೆನ್ನಿಗೆ ಅಂಟಿತ್ತು. ಅಷ್ಟರಲ್ಲಿ ಬೆರಳು ಜಜ್ಜಿಸಿಕೊಂಡು ಕೂತಿದ್ದ ಬಡಗಿಯೊಬ್ಬ, “ಅಕ್ಕ ಅಂತೆ! ಇನ್ನೇನು, ರಾಜಮರ್ಯಾದೆ,” ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದ. ಬೆಂಚಿನ ಕಣ್ಣುಗಳೆಲ್ಲ ಅವಳ ಕೈ ಮೇಲೆ ಬಿದ್ದವು. ಒಳ್ಳೆ ಹೆಸರೆಂಬುದು ಎಂಥವರಿಗೂ ಮಂಕು ಕವಿಸುತ್ತದೆ, ಏನು ಹೇಳೋಣ! ಹಸಿರು ಪಟ್ಟಿ ತೆಗೆದು ತಮ್ಮನಿಗೆ ಕಟ್ಟಿದಳು.

“ಗ್ಯಾಸಿಗೆಲ್ಲ ಸಾಲು ಮುರಿಯಕ್ಕಾಗಲ್ಲ. ಕೂತ್ಕೋ.”

“ನೋಡ್ದ್ಯಾ? ನಮ್ಮಕ್ಕ ನನಗೂ ಬಗ್ಗಲ್ಲ,” ಎಂದು ತಮ್ಮ ಹೆಮ್ಮೆಯಿಂದಲೇ ಹೋಗಿ ಕೂತ.

ಅವನ ಹೆಂಡತಿ ಎದ್ದೆದ್ದು ಬಂದಳು. ಸಿಸ್ಟರಕ್ಕ ತಲೆ ಎತ್ತಲಿಲ್ಲ. ಕೊನೆಗೆ ಕೂಗಿದವನು ಆ ಬಡಗಿಯೇ: “ಸಿಸ್ಟರೇ, ನಿಮ್ಮ ತಮ್ಮ ಬಿದ್ದುಬಿಟ್ರು!”

ಸಂಜೆ ಡಾಕ್ಟರು ಹೊರಬಂದರು. ಜೀವ ಉಳಿದಿತ್ತು, ಹೃದಯದ ಒಂದು ಭಾಗ ಸತ್ತಿತ್ತು. “ಇನ್ಮೇಲೆ ಭಾರದ ಕೆಲಸ ಆಗಲ್ಲಮ್ಮ. ಕರ್ಕೊಂಡು ಬರೋದು ತಡ ಮಾಡಿದ್ರಿ,” ಎಂದರು ತಮ್ಮನ ಹೆಂಡತಿಗೆ.

“ನಂದೇ ತಪ್ಪು, ನಂದೇ ತಪ್ಪು,” ಎಂದು ಅವಳು ಬಿಕ್ಕತೊಡಗಿದಳು. ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಸಿಸ್ಟರಕ್ಕ ಡಾಕ್ಟರ ಎದುರಿಗೆ ಬಂದು ನಿಂತಳು.

“ಅವಳು ತಡ ಮಾಡಿಲ್ಲ ಡಾಕ್ಟ್ರೇ. ಹೊತ್ತಿಗೆ ಸರಿಯಾಗೇ ಬಂದ್ರು. ಕೂರಿಸಿದ್ದು ನಾನು. ಜನ ಏನಂತಾರೋ ಅಂತ ಹೆದರಿದೆ. ನಾಳೆಯಿಂದ ನಮ್ಮೋರು ಯಾರೇ ಬಂದ್ರೂ ಪಟ್ಟಿ ಬೇರೆಯವರು ಕಟ್ಲಿ.”

ಡಾಕ್ಟರು ಆಗಲಿ ಎಂದು ತಲೆಯಾಡಿಸಿದರು. ತಮ್ಮನ ಹೆಂಡತಿಯ ಅಳು ನಿಂತಿತ್ತು.

“ಅತ್ತಿಗೆ, ಇವರು ಯಾರೋ ದಾರಿಹೋಕರಾಗಿದ್ರೆ ಯಾವ ಪಟ್ಟಿ ಕಟ್ತಿದ್ರಿ?”

“ಕೆಂಪು,” ಎಂದಳು ಸಿಸ್ಟರಕ್ಕ.