ಸಿಟ್ಟಿಗೊಂದು ಗುಳಿಗೆ

ದೀಪಾವಳಿ ರಜೆಗೆ ಕಾವೇರಿ ಹಾಸ್ಟೆಲಿನಿಂದ ಅಮ್ಮಿನಬಾವಿಯ ಮನೆಗೆ ಬಂದಾಗ ಶೇವಂತೆವ್ವನಿಗೆ ಮಗಳ ಗುರುತೇ ಹತ್ತಲಿಲ್ಲ. ಹದಿಮೂರರ ಹುಡುಗಿ ಊದಿಕೊಂಡಿದ್ದಳು. ರೊಟ್ಟಿ ಮುರಿಯುವಾಗ ಕೈ ನಡುಗುತ್ತಿತ್ತು, ತಿನ್ನುತ್ತಲೇ ತೂಕಡಿಸುತ್ತಿದ್ದಳು. ಅವಳ ಚೀಲದಲ್ಲಿ ಬಟ್ಟೆಗಳ ನಡುವೆ ಗುಳಿಗೆಗಳೂ ಒಂದು ಚೀಟಿಯೂ ಸಿಕ್ಕವು.

"ಇವು ಯಾವ ಗುಳಿಗಿ?"

"ಸಿಟ್ಟಿನವು. ಹಾಸ್ಟೆಲಿನ್ಯಾಗ ವಾರ್ಡನ್ ಅಕ್ಕಾರು ದಿನಾ ಎರಡು ಕೊಡ್ತಾರ. ನುಂಗಿದ ಮ್ಯಾಲ ಬಾಯಿ ತೆರದು ತೋರಸಬೇಕು." ಮಾತು ನಾಲಿಗೆಗೆ ಅಂಟಿಕೊಂಡು ಹೊರಬರುತ್ತಿತ್ತು.

ಶೇವಂತೆವ್ವ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಪ್ರತಿ ಸಲವೂ ವಾರ್ಡನ್ ಜಯಮಾಲಾ, ಹುಡುಗಿಯ ಕೈಗೆ ಫೋನ್ ಕೊಡದೆ, "ಛಲೋ ಅದಾಳ, ಓದಾಕತ್ತಾಳ" ಎಂದಿದ್ದಳು. ರಜೆ ಮುಗಿಯುವ ತನಕ ಕಾಯದೆ, ಮರುದಿನವೇ ಮಗಳನ್ನು ಕರೆದುಕೊಂಡು ಧಾರವಾಡದ ಆ ಹಾಸ್ಟೆಲಿಗೆ ಹೋದಳು.

"ಬಾಳ ಹಠ ಮಾಡ್ತಿದ್ಲು," ಎಂದಳು ಜಯಮಾಲಾ. "ತಾಟು ಒಗದ್ಲು, ನನ್ನ ಮ್ಯಾಲ ಒದರಿದ್ಲು. ಸರ್ಕಾರಿ ದವಾಖಾನ್ಯಾಗ ತೋರಿಸೇವಿ. ಈಗ ನೋಡ್ರಿ, ಎಷ್ಟು ಶಾಂತ ಅದಾಳ."

"ನನಗೊಂದು ಫೋನ್ ಮಾಡಬಾರದಿತ್ತೇನ್ರಿ?"

"ನೂರು ಹುಡುಗ್ಯಾರು ಅದಾರ. ಎಲ್ಲಾರ ಮನಿಗೂ ಫೋನ್ ಮಾಡ್ಕೋತ ಕೂಡಾಕ ಆಗತೈತೇನು?"

ಇಷ್ಟು ಹೊತ್ತು ತಲೆ ತಗ್ಗಿಸಿ ಕುಳಿತಿದ್ದ ಕಾವೇರಿ ಮುಖ ಎತ್ತಿದಳು. "ದುರ್ಗಾನ ಮನಿಗೂ ಮಾಡಲಿಲ್ಲ ನೀವು."

ಹೊರಗೆ ಬಂದು ಗೇಟಿನ ಬಳಿಯ ಕಟ್ಟೆಯ ಮೇಲೆ ಕುಳಿತು ಶೇವಂತೆವ್ವ ಮಗಳಿಂದ ಎಲ್ಲವನ್ನೂ ಕೇಳಿದಳು. ಗಬ್ಬೂರಿನ ದುರ್ಗಾ ಕಾವೇರಿಯ ಪಕ್ಕದ ಹಾಸಿಗೆಯವಳು. ಪಂಚಮಿ ಕಳೆದ ಮೇಲೆ ಅವಳಿಗೆ ಜ್ವರ ಬಂತು. ನಾಲ್ಕು ದಿನ ಕಾವೇರಿ ಜಯಮಾಲಾಳ ಬಳಿ ಹೋಗಿ ಹೋಗಿ ಹೇಳಿದಳು. ಐದನೆಯ ದಿನ ದವಾಖಾನೆಗೆ ಒಯ್ದರು, ಅಲ್ಲಿ ದುರ್ಗಾ ಸತ್ತಳು. ಆಮೇಲೆ ಕಾವೇರಿ ಊಟದ ಕೋಣೆಯಲ್ಲಿ ಎಲ್ಲರೆದುರು ದಿನವೂ ಅದನ್ನೇ ಕೇಳುತ್ತಿದ್ದಳು: ಯಾಕೆ ಫೋನ್ ಮಾಡಲಿಲ್ಲ? ವಾರದೊಳಗೆ ಗುಳಿಗೆ ಶುರುವಾಯಿತು.

ಶೇವಂತೆವ್ವನ ಮೈ ಉರಿಯಿತು. ಮಗಳೊಡನೆ ನೇರ ಸರ್ಕಾರಿ ದವಾಖಾನೆಗೆ ಹೋಗಿ ಸರದಿಯಲ್ಲಿ ಮೂರು ತಾಸು ನಿಂತಳು. ಮಾನಸಿಕ ವಿಭಾಗದ ಡಾಕ್ಟರ್ ಫರಹತ ಚೀಟಿಯನ್ನು ಎರಡೆರಡು ಸಲ ಓದಿದಳು. ಹದಿನೈದು ದಿನಕ್ಕೆ ಮಾತ್ರ ಬರೆದು, ತಂದೆ ತಾಯಿಯನ್ನು ಕರೆತರಬೇಕೆಂದು ಕೆಳಗೆ ಸೂಚಿಸಿದ್ದವಳು ಅವಳೇ. ಆಮೇಲೆ ಹುಡುಗಿಯನ್ನು ಯಾರೂ ಕರೆತಂದಿರಲಿಲ್ಲ. ಬರೀ ಚೀಟಿ ಬಂದಿತ್ತು, ಅದರ ಮೇಲೆ ಮತ್ತೆ ಗುಳಿಗೆ ಕೊಟ್ಟ ಮುದ್ರೆ ನಾಲ್ಕು ಸಲ ಬಿದ್ದಿತ್ತು.

"ಅಕಿ ಯಾಕ ಒದರತಾಳ ಅಂತ ಅಕೀನ ಕೇಳಿದ್ರೇನ್ರಿ ನೀವು?"

"ಅವತ್ತು ತೊಂಬತ್ತು ಮಂದಿ ಇದ್ರು. ವಾರ್ಡನ್ ಹೇಳಿದ್ದನ್ನ ಬರಕೊಂಡೆ."

"ಗೆಳತಿ ಸತ್ತರ ಸಿಟ್ಟು ಬರಬಾರದೇನ್ರಿ? ನನಗೂ ಈಗ ಸಿಟ್ಟು ಬಂದೈತಿ. ನನಗೂ ಎರಡು ಗುಳಿಗಿ ಬರದು ಕೊಡ್ರಿ."

ಫರಹತ ಪೆನ್ನು ಕೆಳಗಿಟ್ಟಳು. "ತಪ್ಪಾಗೇತ್ರಿ. ನಾ ಕೇಳಬೇಕಿತ್ತು."

"ಹಂಗಾರ ಅದನ್ನೂ ಬರೀರಿ."

ಡಾಕ್ಟರ್ ಬರೆದಳು. ಒಮ್ಮೆಲೇ ಬಿಡಿಸಿದರೆ ತ್ರಾಸು ಎಂದು ಗುಳಿಗೆಯನ್ನು ವಾರವಾರ ಕಡಿಮೆ ಮಾಡಲು ಹೇಳಿದಳು. ನಂತರ ಕಾವೇರಿಯ ಎದುರು ಕುರ್ಚಿ ಎಳೆದುಕೊಂಡು ಕುಳಿತು, ಮೊದಲ ಸಲ ಅವಳನ್ನೇ ಮಾತಾಡಿಸಿದಳು.

ಆ ಕಾಗದ ಹಿಡಿದು ಶೇವಂತೆವ್ವ ಗಬ್ಬೂರಿಗೆ ಹೋಗಿ ದುರ್ಗಾಳ ತಾಯಿ ಸತ್ಯವ್ವನನ್ನು ಹುಡುಕಿದಳು. ಇಬ್ಬರೂ ಕೂಡಿ ಹಾಸ್ಟೆಲ್ ನಡೆಸುವ ಇಲಾಖೆಗೆ ದೂರು ಕೊಟ್ಟರು. ಸಂಕ್ರಾಂತಿಯ ಹೊತ್ತಿಗೆ ವಿಚಾರಣೆ ನಡೆಯಿತು. ಅಷ್ಟರಲ್ಲಿ ಕಾವೇರಿಯ ಕೈ ನಡುಕ ನಿಂತಿತ್ತು. ಅಧಿಕಾರಿಗಳೆದುರು ಅವಳು ನಾಲ್ಕು ದಿನದ ಜ್ವರವನ್ನು ಒಂದೊಂದು ದಿನವಾಗಿ ಹೇಳಿದಳು. ಬಿಕ್ಕಿದರೂ ನಿಲ್ಲಿಸಲಿಲ್ಲ.

ತಿಂಗಳ ನಂತರ ಆದೇಶ ಬಂತು. ಜಯಮಾಲಾಳನ್ನು ಬೇರೆ ತಾಲೂಕಿಗೆ ವರ್ಗ ಮಾಡಿದ್ದರು, ಅದೂ ಇನ್ನೊಂದು ಹುಡುಗಿಯರ ಹಾಸ್ಟೆಲಿಗೆ.

ಸತ್ಯವ್ವ ಕಾಗದ ಹಿಡಿದು ಅಳತೊಡಗಿದಳು. ಶೇವಂತೆವ್ವ ಅದನ್ನು ಮಡಚಿ ಸೆರಗಿಗೆ ಕಟ್ಟಿಕೊಂಡಳು. "ಏಳವಾ ಯಕ್ಕಾ. ಅಲ್ಲೂ ಹುಡುಗ್ಯಾರು ಅದಾರ. ಅವರ ಅವ್ವಗೋಳಿಗೆ ಹೇಳಿ ಬರೂಣು."