ಕಾಪುವಿನಲ್ಲೊಂದು ಕೆಂಪು ಚುಕ್ಕೆ

ಮಲ್ಪೆಯಲ್ಲಿ ಕಡಲ ಬಂಡೆಯ ಬುಡಕ್ಕೆ ಮುಳುಗಿ ಪಚ್ಚಿಲೆ ಎಂಬ ತಿನ್ನುವ ಚಿಪ್ಪು ತೆಗೆಯುವವರಲ್ಲಿ, ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಸತ್ಯ ಹೇಳುವವರು ಇನ್ನೂ ಹುಟ್ಟಿಲ್ಲ. ಆ ಕಸುಬಿನ ಮೊದಲ ಪಾಠವೇ ಅದು. ಹಾಗಾಗಿ ಮಣಿಪಾಲದಲ್ಲಿ ಕಡಲ ಜೀವಿಗಳ ಬಗ್ಗೆ ಓದುವ ಶ್ರೇಯಾ ರತ್ನಾವತಿಯ ಬುಟ್ಟಿಯೊಳಗಿನ ಪಟ್ಟೆ ಪಟ್ಟೆ ಪುಟ್ಟ ಚಿಪ್ಪುಗಳನ್ನು ಕಂಡು, "ಇದು ಎಲ್ಲಿಯದ್ದು ಅಕ್ಕಾ?" ಎಂದಾಗ ರತ್ನಾವತಿ ಕಣ್ಣು ಮಿಟುಕಿಸದೆ, "ಕಾಪು, ಲೈಟ್‌ಹೌಸಿನ ಹತ್ತಿರ" ಎಂದಿದ್ದಳು.

ತಿಂಗಳು ಕಳೆದು ಹುಡುಗಿ ಅವಳನ್ನು ಬನ್ನಂಜೆಯ ಸೈಬರ್ ಕೆಫೆಗೆ ಕರೆದುಕೊಂಡು ಹೋದಳು. ತನ್ನ ಬುಟ್ಟಿಯ ಚಿಪ್ಪು ಕಂಪ್ಯೂಟರಿನಲ್ಲಿ ಉಂಟು ಎಂದರೆ ಯಾರು ತಾನೇ ಸುಮ್ಮನೆ ಕೂರುತ್ತಾರೆ? ಪರದೆಯಲ್ಲಿ ಭೂಪಟ, ಕಾಪುವಿನ ಮೇಲೊಂದು ಕೆಂಪು ಚುಕ್ಕೆ.

"ಈ ಚಿಪ್ಪು ಇಲ್ಲಿ ಸಿಕ್ಕಿತೆಂದು ನಾನು ಬರೆದದ್ದು ಒಂದೇ ಕಡೆ. ಈಗ ನೋಡಿ" ಎಂದು ಶ್ರೇಯಾ ಬೇರೆ ಬೇರೆ ದೇಶಗಳ ಪುಟ ತೆರೆದಳು. ಎಲ್ಲದರಲ್ಲೂ ಅದೇ ಚುಕ್ಕೆ.

"ಅವರಿಗೆಲ್ಲ ಯಾರು ಹೇಳಿದ್ದು ಮಾರಾಯ್ತಿ?"

"ಈ ಪುಟಗಳಿಗೆಲ್ಲ ಒಂದಕ್ಕೊಂದು ಕೊಂಡಿ ಉಂಟು ಅಕ್ಕಾ. ಇದು ಹಡಗಿಗೆ ಅಂಟಿಕೊಂಡು ಬರುವ ಪರದೇಶದ ಚಿಪ್ಪು. ಬೇಗ ಗೊತ್ತಾದ ಕಡೆ ಕಿತ್ತು ಮುಗಿಸಿದ್ದಾರೆ. ತಡವಾದ ಕಡೆ ಬಂಡೆಯಲ್ಲಿ ಬೇರೆ ಎಂತದೂ ಉಳಿದಿಲ್ಲ."

ರತ್ನಾವತಿ ಮುಳುಗುವ ಬಂಡೆಯ ಅರ್ಧ ಆಗಲೇ ಪಟ್ಟೆ ಚಿಪ್ಪಿನ ಪಾಲಾಗಿತ್ತು.

"ಆದರೆ ಕಾಪುವಿನಲ್ಲಿ ನಾವು ಕಾಲೇಜಿನವರು ಎರಡು ದಿನ ಹುಡುಕಿದೆವು, ಒಂದೂ ಇಲ್ಲ" ಎಂದು ಶ್ರೇಯಾ ಮುಖ ಸಣ್ಣ ಮಾಡಿದಳು. "ಇವತ್ತು ಚುಕ್ಕೆ ತೆಗೆಸುತ್ತೇನೆ. ಎಲ್ಲಾ ಕಡೆಯಿಂದಲೂ ಹೋಗುತ್ತದೆ."

ಹೇಳದಿದ್ದರೆ ಬಂಡೆ ಹೋಯಿತು, ಹೇಳಿದರೆ ಗುಟ್ಟು ಹೋಯಿತು. ಸಾಯುವ ಹೊತ್ತಿಗೆ ಅತ್ತೆ ಕಿವಿಯಲ್ಲಿ ಉಸುರಿದ ಜಾಗ ಅದು. ಹೆತ್ತ ಮಗನಿಗೂ, ಎಂದರೆ ರತ್ನಾವತಿಯ ಗಂಡ ಕಿಟ್ಟನಿಗೂ, ಮುದುಕಿ ಹೇಳಿರಲಿಲ್ಲ. ಕುಡಿದರೆ ಅವನ ಬಾಯಿ ನಿಲ್ಲುವುದಿಲ್ಲ. ಹದಿನೆಂಟು ವರ್ಷ ಅಲ್ಲಿ ರತ್ನಾವತಿ ಒಬ್ಬಳೇ ಮುಳುಗಿ ಒಬ್ಬಳೇ ಎದ್ದವಳು.

"ತೆಗೆಸಬೇಡ" ಎಂದಳು. ಬೆರಳನ್ನು ಪರದೆಯ ಮೇಲೆ ಕಾಪುವಿನಿಂದ ಬಡಗು ದಿಕ್ಕಿಗೆ ಎಳೆದು, ಮಲ್ಪೆಯ ಹೊಳೆ ಕಡಲಿಗೆ ಸೇರುವಲ್ಲಿ ನಿಲ್ಲಿಸಿದಳು. "ಇಲ್ಲಿ. ನೀರು ಇಳಿದಾಗ ಬಾ, ನಾನೇ ತೋರಿಸ್ತೇನೆ."

ಶ್ರೇಯಾ ಬೈಯಲಿಲ್ಲ. ಚುಕ್ಕೆಯನ್ನು ಕಾಪುವಿನಿಂದ ಮಲ್ಪೆಗೆ ಸರಿಸಲು ಟೈಪ್ ಮಾಡತೊಡಗಿದಳು.

"ಇದು ಎಲ್ಲರಿಗೂ ಯಾವಾಗ ಕಾಣ್ತದೆ?"

"ನಾಳೆಯೊಳಗೆ ಅಕ್ಕಾ."

ರತ್ನಾವತಿ ದಡಬಡನೆ ಎದ್ದು ಚಪ್ಪಲಿ ಮೆಟ್ಟಿದಳು. "ಹಾಗಾದ್ರೆ ನಾನು ಈಗಲೇ ಮನೆಗೆ ಹೋಗ್ಬೇಕು. ಗಂಡನಿಗೆ ಈ ಜಾಗದ ಗುಟ್ಟು ಮೊದಲು ನಾನೇ ಹೇಳ್ಬೇಕು."